ಮೆಂಟರಿಂಗ್ ಕಾರ್ನರ್

6 ನವೆಂಬರ್ 2006, ಸೋಮವಾರ

ಎಂದಿನಂತೆ ಬೆಳಿಗ್ಗೆ ಧೂಳಿನ ಜಗಳ. ಕಿಟಕಿ ಮುಚ್ಚಿಯೇ ಇರುತ್ತದೆ, ಆದರೂ ಟೇಬಲ್ ಮೇಲೆ ರೋಡಿನ ಅದಿರು ಲಾರಿಗಳ ಕೆಂಪು. ಅಟೆಂಡರ್ ದುರ್ಗಕ್ಕ ಒರೆಸಿದಳು. ನಾನು ಮತ್ತೊಮ್ಮೆ ಒರೆಸಿದೆ. ಒರೆಸಿದ್ದು ನೋಡಿ ಅವಳಿಗೆ ಸಿಟ್ಟು. ಮಧ್ಯಾಹ್ನದವರೆಗೆ ಮಾತಿಲ್ಲ.

ಹತ್ತೂವರೆಗೆ ಪ್ರಿನ್ಸಿಪಾಲರ ಕರೆ. ವಾದಿರಾಜ ಸರ್ ಮುಖದಲ್ಲಿ ಬೀಗರು ಬರುವ ಮನೆಯ ಗಡಿಬಿಡಿ. ಮಾರ್ಚ್‌ನಲ್ಲಿ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದಂತೆ. ಬೇರೆ ಕಾಲೇಜುಗಳಲ್ಲಿ ಹೊಸ ಅಧ್ಯಾಪಕರಿಗೆಲ್ಲ ಒಬ್ಬೊಬ್ಬ ಹಿರಿಯರು ಮೆಂಟರ್ ಇರುತ್ತಾರಂತೆ — ಕೈ ಹಿಡಿದು ಕಲಿಸೋರು. ನಮ್ಮಲ್ಲೂ ಇದೆ ಅಂತ ತೋರಿಸಬೇಕು. ‘ಇರಬೇಕು’ ಅನ್ನಲಿಲ್ಲ ಪುಣ್ಯಾತ್ಮ. ‘ತೋರಿಸಬೇಕು’.

“ಮೇಡಂ, ಲೈಬ್ರರಿಯೊಳಗ ಅಧ್ಯಾಪಕರ ಮೆಂಟರಿಂಗ್ ಮ್ಯಾಲೆ ಏನೇನ್ ಅದಾವೋ ಎಲ್ಲಾ ತಗೀರಿ. ಒಂದು ಕಾರ್ನರ್ ಮಾಡ್ರಿ. ಮಸ್ತ್ ಕಾಣಬೇಕು.”

“ಇದ್ರ ತಗೀಬಹುದು ಸರ್.”

“ಇಲ್ಲಂದ್ರ ತರಸ್ರಿ.”

ಎಷ್ಟು ಸಲೀಸು! ಪ್ರತಿ ವರ್ಷ ಪುಸ್ತಕಕ್ಕೆ ಕೇಳಿದಾಗ ಇದೇ ಬಾಯಿ ‘ಮುಂದಿನ ವರ್ಷ ನೋಡೋಣ’ ಅಂದಿದ್ದು.

ಸಂಜೆವರೆಗೆ 378ರ ಶೆಲ್ಫ್ ಕೆದಕಿದೆ, ಉನ್ನತ ಶಿಕ್ಷಣದ್ದು. ಹಳೇ ಆಯೋಗದ ವರದಿ ಒಂದು. ವಿದ್ಯಾರ್ಥಿಗಳ ಶಿಸ್ತಿನ ಬಗ್ಗೆ ಎರಡು. ಗೆದ್ದಲು ಅರ್ಧ ತಿಂದದ್ದು ಒಂದು. ಪಾಠ ಹೇಳುವವನಿಗೆ ಪಾಠ ಹೇಳೋದು ಯಾರು ಕಲಿಸಬೇಕು ಅನ್ನೋದಕ್ಕೆ ಒಂದು ಹಾಳೆಯೂ ಇಲ್ಲ. ಇಷ್ಟು ವರ್ಷದಲ್ಲಿ ಅಂಥ ಪುಸ್ತಕ ಬೇಕು ಅಂತ ಯಾರೂ ಕೇಳಿಲ್ಲ. ನನಗೂ ತರಿಸಬೇಕು ಅನಿಸಿರಲಿಲ್ಲ, ಸುಳ್ಳು ಯಾಕೆ.

9 ನವೆಂಬರ್, ಗುರುವಾರ

ಬೌಂಡ್ ವಾಲ್ಯೂಮುಗಳ ಹಿಂದಿನ ಕೊನೇ ಟೇಬಲ್‌ನಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಕ್ಲಾಸ್ ತಪ್ಪಿಸಿ ಬಂದ ಹುಡುಗ ಅಂದುಕೊಂಡು ಐಡಿ ಕಾರ್ಡ್ ತೆಗಿ ಅಂದೆ, ಗದರಿಸಿಯೇ. ದಡಬಡ ಎದ್ದು ನಿಂತ.

“ಗೆಸ್ಟ್ ಲೆಕ್ಚರರ್ ರೀ ಮೇಡಂ. ಕೆಮಿಸ್ಟ್ರಿ. ಹಂಪೇಶ್ ಅಂತ.”

ನನಗೇ ಹೇಗೋ ಆಯಿತು. ಕುಂದ್ರಪ್ಪ ಅಂದೆ. ಕೂರಲಿಲ್ಲ. ಸ್ವಲ್ಪ ಹೊತ್ತು ಪುಸ್ತಕದ ಬೆನ್ನು ಸವರುತ್ತ ನಿಂತು ಕೇಳಿದ —

“ಮೇಡಂ, ಕ್ಲಾಸ್ ಹೆಂಗ ತಗೋಬೇಕು ಅಂತ ಹೇಳೋ ಬುಕ್ ಏನಾರ ಐತೇನ್ರಿ? ಕೆಮಿಸ್ಟ್ರಿ ಬರ್ತೈತ್ರಿ. ಕ್ಲಾಸ್ ಬರವಲ್ದು.”

ಸೆಕೆಂಡ್ ಇಯರ್ ಬಿ.ಎಸ್ಸಿ. ಹುಡುಗರ ಕಥೆ ಹೇಳಿದ. ಬೋರ್ಡಿನ ಕಡೆ ತಿರುಗಿದ ಕೂಡಲೇ ಬಾಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಾರಂತೆ. ಒಬ್ಬ ರಿವರ್ಸ್ ಹೇಳುತ್ತಾನೆ, ‘ಬರ್ಲಿ, ಬರ್ಲಿ, ಬರ್ಲಿ’ ಅಂತ. ಅರ್ಧ ಮಂದಿಯ ಮನೆಯಲ್ಲಿ ಟಿಪ್ಪರ್ ಇದೆ, ಅವರಿಗೆ ಈ ಮೇಷ್ಟ್ರು ಯಾವ ಲೆಕ್ಕ. ಮೊನ್ನೆ ಪಾಠ ನಿಲ್ಲಿಸಿ ಹೊರಗೆ ಬಂದುಬಿಟ್ಟನಂತೆ. ಸ್ಟಾಫ್ ರೂಮಿಗೆ ಹೋದರೆ ಅಲ್ಲೂ ನಗು. ಅದಕ್ಕೇ ಇಲ್ಲಿ.

ಕಂಪ್ಲಿಯವನು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಯಶವಂತನಗರದ ಕಡೆ ಅದಿರು ಟೆಸ್ಟ್ ಮಾಡುವ ಲ್ಯಾಬ್‌ನವರು ಕರೆದಿದ್ದರಂತೆ, ಇಲ್ಲಿಗಿಂತ ಮೂರು ಪಟ್ಟು ಸಂಬಳ. ಹೋಗಲಿಲ್ಲ.

“ನನಗ ಮೇಷ್ಟ್ರಾಗಬೇಕ್ರಿ,” ಅಂದ.

ಈ ಊರಲ್ಲಿ ಈಗ ಹೀಗನ್ನೋರು ಇದ್ದಾರೆ ಅನ್ನೋದೇ ನನಗೆ ಸುದ್ದಿ. ಪುಸ್ತಕ ತರಿಸ್ತಾ ಇದ್ದೀನಿ, ಬರಲಿ ಅಂದೆ.

18 ನವೆಂಬರ್, ಶನಿವಾರ

ಕಮಲಾಪುರದ ಬಸ್ ಹಿಡಿದು ಹಂಪಿ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿದ್ದೆ. ಎಂಥ ತಣ್ಣಗಿನ ಜಾಗ. ನಮ್ಮ ರೋಡಿನ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲ. ಹೊಟ್ಟೆಕಿಚ್ಚಾಯಿತು. ಅಲ್ಲೂ ನಮಗೆ ಬೇಕಾದ್ದು ಕಡಿಮೆ. ಗುರು-ಶಿಷ್ಯ ಪರಂಪರೆಯ ಮೇಲೆ ಕಪಾಟು ತುಂಬಾ ಇದೆ, ಕೆಲಸಕ್ಕೆ ಸೇರಿದ ಮೊದಲ ವರ್ಷದ ಲೆಕ್ಚರರ್ ಏನು ಮಾಡಬೇಕು ಅನ್ನೋದಿಲ್ಲ. ಜರ್ನಲ್ಲುಗಳಲ್ಲಿ ನಾಲ್ಕು ಲೇಖನ ಸಿಕ್ಕವು. ಜೆರಾಕ್ಸ್ ಮಾಡಿಸಿದೆ.

ಬರುವಾಗ ಸ್ಟೇಷನ್ ರೋಡಿನ ಸೈಬರ್ ಕೆಫೆಯಲ್ಲಿ ಕೂತೆ. ಹೊರದೇಶದ ಯೂನಿವರ್ಸಿಟಿಗಳ ಲೈಬ್ರರಿಯವರು ಇದಕ್ಕೇ ಅಂತ ಪೇಜ್ ಮಾಡಿಟ್ಟಿದ್ದಾರೆ — ಅಧ್ಯಾಪಕರ ಮೆಂಟರಿಂಗ್‌ಗೆ ಯಾವ ಪುಸ್ತಕ, ಯಾವ ಲೇಖನ, ಎಲ್ಲಿ ಹುಡುಕಬೇಕು, ಎಲ್ಲ. ನನ್ನಂಥವಳೇ ಯಾರೋ ಕೂತು ಮಾಡಿರಬೇಕು. ಅವಳ ಮೇಜಿನ ಮೇಲೆ ಧೂಳಿರಲಿಕ್ಕಿಲ್ಲ. ಕರೆಂಟ್ ಹೋಗುವುದರೊಳಗೆ ಪ್ರಿಂಟ್ ತೆಗೆಸಿಕೊಂಡೆ.

ಮನೆಯಲ್ಲಿ ಇವರು ಕಾಗದದ ಕಟ್ಟು ನೋಡಿ, “ನ್ಯಾಕ್‌ನವ್ರು ಇದನ್ನೆಲ್ಲ ಓದ್ತಾರೇನು?” ಅಂದರು. ಇವರು ರೈಲ್ವೆ ಬುಕಿಂಗ್‌ನಲ್ಲಿದ್ದು ಇದ್ದು ಯಾರು ಎಲ್ಲಿಯವರೆಗೆ ಹೋಗುತ್ತಾರೆ ಅಂತ ಮುಖ ನೋಡಿಯೇ ಹೇಳುವ ಗತ್ತು.

ಓದುವವನು ಒಬ್ಬ ಇದ್ದಾನೆ ಅಂದೆ.

21 ನವೆಂಬರ್, ಮಂಗಳವಾರ

ಮೀಟಿಂಗ್. ಯಾರಿಗೆ ಯಾರು ಮೆಂಟರ್ ಅನ್ನೋದು. ಹಿರಿಯರು ಅನ್ನಿಸಿಕೊಳ್ಳೋರು ಉಳಿದಿರೋದೇ ಅಷ್ಟು. ಒಬ್ಬರು ಮೈನ್ಸ್ ಆಫೀಸಿಗೆ ಹೋದರು, ಇನ್ನೊಬ್ಬರು ರಜೆ ಹಾಕಿ ಅದಿರಿನ ಸ್ಟಾಕ್‌ಯಾರ್ಡ್ ನೋಡಿಕೊಳ್ಳುತ್ತಾರೆ. ಇಂಗ್ಲಿಷ್‌ನ ಹೊಸ ಹುಡುಗಿ ಅರ್ಚಿತಾಗೆ ಪ್ರಿನ್ಸಿಪಾಲರೇ ಮೆಂಟರ್ ಆದರು. ಹಂಪೇಶನ ಹೆಸರು ಬಂದಾಗ ಎಲ್ಲರೂ ಫ್ಯಾನ್ ನೋಡಿದರು.

ನಾನೇ ಬಾಯಿ ಹಾಕಿದೆ. “ಕೊಟ್ರಬಸಪ್ಪ ಸರ್ ಇದ್ದಾರಲ್ಲ. ಅವರದೇ ಡಿಪಾರ್ಟ್‌ಮೆಂಟು.”

ಕೊಟ್ರಬಸಪ್ಪನವರ ಪಾಠ ನಾನು ಬಲ್ಲೆ. ಲೈಬ್ರರಿಯ ಕೆಳಗೇ ಅವರ ಕ್ಲಾಸು. ಮೊದಲೆಲ್ಲ ಅವರು ಶುರು ಮಾಡಿದರೆ ಇಲ್ಲಿ ಕ್ಯಾಟಲಾಗ್ ಬರೆಯೋದು ಬಿಟ್ಟು ಕೇಳುತ್ತಿದ್ದೆ. ಆರ್ಟ್ಸ್ ಹುಡುಗರು ಕಿಟಕಿಯಲ್ಲಿ ನಿಂತು ಕೆಮಿಸ್ಟ್ರಿ ಕೇಳುತ್ತಿದ್ದರು. ಈಗ ಎರಡು ಟಿಪ್ಪರ್ ಇಟ್ಟಿದ್ದಾರೆ. ಬರುತ್ತಾರೆ, ಸೈನ್ ಮಾಡುತ್ತಾರೆ, ಫೋನ್ ಹಿಡಿದುಕೊಂಡು ಹೋಗುತ್ತಾರೆ. ಆದರೂ ವಿದ್ಯೆ ಎಲ್ಲಿಗೆ ಹೋಗುತ್ತದೆ? ಒಬ್ಬ ಹುಡುಗನನ್ನು ಕೈಗೆ ಕೊಟ್ಟರೆ ಹಳೇ ಮೇಷ್ಟ್ರು ಹೊರಗೆ ಬಂದಾರು ಅಂತ ನನ್ನ ಲೆಕ್ಕ.

“ಆತು ಬಿಡ್ರಿ, ಕಳಿಸ್ರಿ,” ಅಂದರು ಫೋನ್ ಮುಚ್ಚಿ ಹಿಡಿದು.

5 ಡಿಸೆಂಬರ್, ಮಂಗಳವಾರ

ಹಂಪೇಶ್ ಬಂದಿದ್ದ. ಹೋದ ವಾರವಿಡೀ ಕೊಟ್ರಬಸಪ್ಪನವರನ್ನು ಹುಡುಕಿದನಂತೆ. ಒಂದು ಸಲ ಕಾರಿಡಾರ್‌ನಲ್ಲಿ ಸಿಕ್ಕರು. “ಇಲ್ಲಿ ಮಾತಾಡಾಕ ಟೈಮ್ ಎಲ್ಲೈತಲೇ. ಸಂಡೂರಿಗೆ ಹೊಂಟೀನಿ. ಬಾ, ಹೋಗ್ತಾ ಮಾತಾಡೋಣ,” ಅಂದರು. ಹತ್ತಿದ. ಲಾರಿ ಕ್ಯಾಬಿನ್‌ನಲ್ಲಿ.

ನನಗೆ ಸರಿ ಅನ್ನಿಸಲಿಲ್ಲ. ಮುಖ ನೋಡಿದರೆ ಹುಡುಗ ಅರಳಿದ್ದಾನೆ.

“ಮೇಡಂ, ಏನ್ ಹೇಳ್ತಾರ್ರೀ ಅವ್ರು! ಒಳಗ ಹೋದ ಕೂಡ್ಲೇ ಬೋರ್ಡಿಗೆ ತಿರುಗಬ್ಯಾಡ, ಹಿಂದಿನ ಬೆಂಚಿನ ಒಬ್ಬನ್ನ ಹೆಸರು ಹಿಡದು ಕರಿ, ನಾಷ್ಟಾ ಆತೇನು ಕೇಳು ಅಂದ್ರು. ಅಂಜಿಕಿ ಅವ್ರಿಗೂ ಇತ್ತಂತ್ರಿ. ಮೊದಲ್ನೇ ವರ್ಷ ಬಾತ್‌ರೂಮಿನ್ಯಾಗ ಪಾಠ ಪ್ರಾಕ್ಟೀಸ್ ಮಾಡ್ತಿದ್ರಂತ.”

ಹೊರದೇಶದ ಪೇಜಿನ ಪ್ರಿಂಟಲ್ಲೂ ಹೆಚ್ಚೂಕಡಿಮೆ ಇದೇ ಇದೆ. ಅಲ್ಲಿ ಕಾಫಿ ಕಪ್ಪು, ಸೋಫಾ. ಇಲ್ಲಿ ಟಿಪ್ಪರ್.

19 ಡಿಸೆಂಬರ್, ಮಂಗಳವಾರ, ರಾತ್ರಿ

ಬರೆದಿಡಬೇಕು ಇದನ್ನು.

ಹನ್ನೊಂದೂವರೆಗೆ ಕೆಳಗಿನ ಕ್ಲಾಸಿಂದ ಗದ್ದಲ. ಅಯ್ಯೋ ಮತ್ತೆ ಶುರುವಾಯಿತು ಅಂದುಕೊಂಡೆ. ಕಿವಿಗೊಟ್ಟರೆ ಹಾರ್ನ್ ಅಲ್ಲ, ವಾದ. “ಅರವತ್ತೆರಡ್ರಿ ಸರ್!” “ಏ ಬಿಡಲೇ, ಅರವತ್ನಾಕು ಐತಿ, ತೂಕ ನೋಡಲೇ!” ಹಂಪೇಶ್ ಒಂದು ಅದಿರಿನ ಗಟ್ಟಿ ತಂದು ಟೇಬಲ್ ಮೇಲೆ ಇಟ್ಟು, ಇದರಲ್ಲಿ ಕಬ್ಬಿಣ ಎಷ್ಟು ಪರ್ಸೆಂಟ್ ಹೇಳ್ರಿ ಅಂದನಂತೆ, ಅಷ್ಟೇ. ಹಾರ್ನ್ ಹೊಡೆಯುವವರೆಲ್ಲ ಮುಂದಿನ ಬೆಂಚಿಗೆ ಬಂದರಂತೆ. ಹಂಗಾದ್ರ ಹೆಂಗ ಕಂಡುಹಿಡಿಯೋದು ನೋಡೋಣ ಅಂತ ಲ್ಯಾಬ್‌ಗೆ ಎಬ್ಬಿಸಿಕೊಂಡು ಹೋದ. ಹುಡುಗರು ಮೆಟ್ಟಿಲ ಮೇಲೆ ಇವನ ಹಿಂದೆ ಹೋಗೋದು ನಾನೇ ನಿಂತು ನೋಡಿದೆ.

ಆಮೇಲೆ ಲೈಬ್ರರಿಗೆ ಬಂದ. ಸುಮ್ಮನೆ ನಕ್ಕ.

ಯಾರ ಐಡಿಯಾ ಅಂದೆ. “ಸರ್‌ದು,” ಅಂದ.

ಭಾಳ ಖುಷಿಯಾಯಿತು. ನಾನೇ ಕೂಡಿಸಿದ ಜೋಡಿ ಅಂತ ಸ್ವಲ್ಪ ಜಂಬವೂ. ಮನೆಯಲ್ಲಿ ಪಾಯಸ ಮಾಡಿದೆ. ಏನು ವಿಶೇಷ ಅಂತ ಇವರು ಕೇಳಿದರು. ಹೇಳಿದರೆ ನಗುತ್ತಾರೆ ಅಂತ ಹೇಳಲಿಲ್ಲ.

11 ಜನವರಿ 2007, ಗುರುವಾರ

ಬೆಂಗಳೂರಿಂದ ಪುಸ್ತಕದ ಪಾರ್ಸಲ್ ಬಂತು. ಅಧ್ಯಾಪಕರ ಮೆಂಟರಿಂಗ್ ಮೇಲೆಯೇ ಇರೋವು, ದಪ್ಪ ಕಾಗದ, ಹೊಸ ವಾಸನೆ. ಸೀಲ್ ಹೊಡೆದೆ, ನಂಬರ್ ಬರೆದೆ, ಪಾಕೆಟ್ ಅಂಟಿಸಿದೆ. ಮಾಡುವಾಗ ಕೈಗೇ ಒಂದು ಸುಖ.

ಪ್ರಿನ್ಸಿಪಾಲರು ಬಂದು ನೋಡಿದರು. ಗಾಜಿನ ಬೀರು ಬಂದಿದೆ, ಮೇಲೆ ‘ಮೆಂಟರಿಂಗ್ ಕಾರ್ನರ್’ ಬೋರ್ಡ್.

“ಬೀಗ ಹಾಕ್ರಿ. ತಂಡ ಬಂದು ಹೋಗೋವರೆಗೂ ಯಾರಿಗೂ ಕೊಡಬ್ಯಾಡ್ರಿ. ಕೆಂಪು ಬೆರಳು ಬಿದ್ರ ಹೋತು.”

ಇದು ಎಲ್ಲ ಕಡೆ ಇದ್ದದ್ದೇ. ಇನ್ಸ್‌ಪೆಕ್ಷನ್‌ಗೆ ಅಂತ ತರಿಸಿದ ಪುಸ್ತಕ ಇನ್ಸ್‌ಪೆಕ್ಷನ್ ಆಗೋವರೆಗೆ ಹೊರಗೆ ಬರೋದಿಲ್ಲ. ಬೀಗ ಹಾಕಿದೆ.

24 ಜನವರಿ, ಬುಧವಾರ

ಹಂಪೇಶ್ ಬೀರುವಿನ ಮುಂದೆ ನಿಂತು ಗಾಜಿನೊಳಗಿಂದಲೇ ಹೆಸರುಗಳನ್ನು ಓದುತ್ತಿದ್ದ. ಬಂದೇ ಬಿಟ್ಟಾವಲ್ರಿ ಅಂದ. ಒಂದನ್ನ ಒಂದು ದಿನಕ್ಕೆ ಕೊಡ್ರಿ ಅಂದ.

ಇಲ್ಲ ಅಂದೆ. ತಂಡ ಬಂದು ಹೋಗಲಿ. ಅಲ್ಲದೆ ಗೆಸ್ಟ್ ಲೆಕ್ಚರರ್‌ಗೆ ಕಾರ್ಡ್ ಇಲ್ಲ, ಪರ್ಮನೆಂಟ್ ಸ್ಟಾಫ್‌ಗೆ ಮಾತ್ರ. ನಿಯಮ ನಿಯಮವೇ.

“ಆತ್ರಿ,” ಅಂದ. “ಸರ್ ಅದಾರಲ್ರಿ.”

ತಲೆಗೂದಲೆಲ್ಲ ಕೆಂಪಾಗಿತ್ತು. ಯಾಕೆ ಹೀಗೆ ಅಂದರೆ, ಸರ್ ಹೇಳಿದ್ದರಂತೆ, ಯಾರ್ಡ್‌ನಲ್ಲಿ ಲೋಡ್ ಆಗೋವರೆಗೂ ನಿಂತಿರು ಅಂತ. ನಿನ್ನೆ ತೂಕದ ಚೀಟಿ ತರೋಕೆ. ಮೊನ್ನೆ ಡ್ರೈವರ್‌ಗೆ ಊಟ ಒಯ್ಯೋಕೆ. ಪಾಠ ಹೇಳುತ್ತಾರಾ ಈಗ ಅಂದೆ. ಹೇಳ್ತಾರ್ರಿ, ಟೈಮ್ ಸಿಕ್ಕಾಗ ಅಂದ.

“ನೀನು ಅವರ ಕ್ಲೀನರ್ ಅಲ್ಲಪ್ಪ. ಆಗೋದಿಲ್ಲ ಅನ್ನು.”

ಮುಖ ಸಣ್ಣದು ಮಾಡಿದ. “ಹಂಗ ಹೆಂಗನ್ನೋದ್ರಿ ಮೇಡಂ. ಗುರುಗಳು. ಸಣ್ ಕೆಲಸ.”

ಇಲ್ಲಿ ಎಲ್ಲರೂ ಬೆಳೆದದ್ದು ಹೀಗೆಯೇ. ಜೂನಿಯರ್ ಆದವನು ಸೀನಿಯರ್ ಮನೆಗೆ ಸಿಲಿಂಡರ್ ತಂದುಕೊಡುತ್ತಾನೆ, ಅವರ ಮಗಳ ಮದುವೆಯಲ್ಲಿ ಬಡಿಸುತ್ತಾನೆ. ಬೇಡ ಅಂದವನು ಸೊಕ್ಕಿನವನು. ಕೊಟ್ರಬಸಪ್ಪನವರೂ ಒಂದು ಕಾಲದಲ್ಲಿ ಯಾರದೋ ಸಿಲಿಂಡರ್ ಹೊತ್ತಿರಬೇಕು. ಅವರಿಗೆ ಹೇಳಬೇಕು ಅಂದುಕೊಂಡಿದ್ದೇನೆ. ಎಲ್ಲಿ ಸಿಗುತ್ತಾರೆ.

15 ಫೆಬ್ರವರಿ, ಗುರುವಾರ, ಬೆಳಿಗ್ಗೆ

ಇವತ್ತು ರಿಹರ್ಸಲ್. ಲೈಬ್ರರಿಯಲ್ಲೇ. ಕೊಟ್ರಬಸಪ್ಪನವರು ಮೆಂಟರ್‌ಗಳ ಪರವಾಗಿ ಮಾತಾಡಬೇಕು. ನಿನ್ನೆ ಎರಡು ಸಲ ಫೋನ್ ಮಾಡಿದೆ. ಲೋಡ್ ಐತ್ರಿ, ಆಗಲ್ರಿ ಅಂದರು. ಬಿಡಲಿಲ್ಲ. ನೀವಿಲ್ಲದೆ ಆಗೋದಿಲ್ಲ ಸರ್, ಬರಲೇಬೇಕು ಅಂದೆ. ಕೊನೆಗೆ ಒಪ್ಪಿದರು.

ಸಂಜೆ

ಆಗಬಾರದ್ದು ಆಯಿತು.

ಕೊಟ್ರಬಸಪ್ಪನವರು ಬಂದಿದ್ದರು. ಇಸ್ತ್ರಿ ಶರ್ಟು, ಹಳೇ ಗತ್ತು. ಮೆಂಟರ್ ಅಂದರೆ ಯಾರು ಅಂತ ಶುರು ಮಾಡಿದರು. ಎಷ್ಟು ಚೆಂದ ಮಾತಾಡಿದರು. ಅಟೆಂಡರ್‌ಗಳೂ ಬಾಗಿಲಲ್ಲಿ ನಿಂತು ಕೇಳಿದರು. ನಡುವೆ ಫೋನ್ ಬಂತು. ಕಟ್ ಮಾಡಿದರು. ಮತ್ತೆ ಬಂತು. ಕಟ್ ಮಾಡಿದರು. ಮೂರನೇ ಸಲ ತಗೊಂಡು ಗೋಡೆ ಕಡೆ ತಿರುಗಿದರು. ಆಮೇಲೆ ಹಾಗೇ ಕುಸಿದು ಕೂತರು, ನನ್ನ ಕುರ್ಚಿಯಲ್ಲಿ.

ಅವರ ಲಾರಿ ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ನಿಂತಿತ್ತಂತೆ, ಪರ್ಮಿಟ್ ಇಲ್ಲ ಅಂತ. ಪರ್ಮಿಟ್ ಮನೆಯಲ್ಲೇ ಉಳಿದಿತ್ತು. ಇವರು ರಿಹರ್ಸಲ್‌ಗೆ ಬರಬೇಕಲ್ಲ. ಹಂಪೇಶನ ಕೈಗೆ ಕೊಟ್ಟು ಕಳಿಸಿದರು. ಕೊಟ್ಟ. ವಾಪಸ್ ಬರೋದಕ್ಕೆ ಅದೇ ಲಾರಿ ಹತ್ತಿದ. ಸಂಡೂರು ದಾಟಿ ಏರಿನಲ್ಲಿ ಗಾಡಿ ಕೆಟ್ಟು ನಿಂತಿತು. ಕ್ಲೀನರ್ ಇವತ್ತು ಬಂದಿರಲಿಲ್ಲ. ಡ್ರೈವರ್ ಬ್ರೇಕ್ ತುಳಿದುಕೊಂಡು ಕೂಗಿದನಂತೆ — ಸರ್, ಇಳದು ಗಾಲಿಗೆ ಕಲ್ಲು ಇಡ್ರಿ. ಇಳಿದ. ಕಲ್ಲು ತಂದ. ಬಗ್ಗಿದ. ಗಾಡಿ ಹಿಂದಕ್ಕೆ ಬಂತು.

ಜೀವ ಇದೆ. ಕಾಲು…

ಬಳ್ಳಾರಿಗೆ ಒಯ್ದಿದ್ದಾರೆ.

ಬರಲೇಬೇಕು ಅಂದವಳು ನಾನು. ಆಗಲ್ರಿ ಅಂದಿದ್ದರು ಅವರು.

27 ಫೆಬ್ರವರಿ, ಮಂಗಳವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಇವತ್ತು ಬಳ್ಳಾರಿ ಆಸ್ಪತ್ರೆಗೆ ಹೋಗಿ ಬಂದೆ. ಇವರೂ ಬಂದಿದ್ದರು.

ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹೊದಿಕೆ ಅಲ್ಲಿ ಚಪ್ಪಟೆ. ಅದನ್ನೇ ನೋಡಬಾರದು ಅಂದುಕೊಂಡೆ, ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ತಾಯಿ ಜಂಬಮ್ಮ ಪಕ್ಕದಲ್ಲಿ ಕೆಳಗೆ ಕೂತಿದ್ದರು. ನನ್ನ ಕೈ ಹಿಡಿದುಕೊಂಡರು. “ನೀವು ಲೈಬ್ರರಿ ಮೇಡಂ ಅಲ್ಲೇನ್ರೀ? ನಿಮ್ಮ ಸುದ್ದೀನ ಹೇಳ್ತಿದ್ದ. ನೋಡ್ರವ್ವಾ, ನನ್ ಮಗ ಮೇಷ್ಟ್ರು. ಲಾರಿಗೆ ಕಲ್ಲಿಡಾಕ ಯಾಕ ಹೋದ ಅಂತ ಕೇಳ್ರಿ. ನಾ ಕೇಳಿದ್ರ ಹೇಳವಲ್ಲ.”

ಅವರು ನೀರು ತರೋಕೆ ಹೋದಾಗ ಹಂಪೇಶ್ ಪಿಸುಗುಟ್ಟಿದ.

“ಮೇಡಂ, ಸರ್ ಕಳಿಸಿದ್ರು ಅಂತ ಯಾರ ಮುಂದೂ ಹೇಳಬ್ಯಾಡ್ರಿ. ಅವ್ರಿಗೆ ತ್ರಾಸ ಆಗತೈತಿ. ನನಗ ಕ್ಲಾಸ್ ಕಲಿಸಿದವ್ರು ಅವ್ರೊಬ್ರ ರೀ.”

ಆಮೇಲೆ ಕೇಳಿದ, ಸೆಕೆಂಡ್ ಇಯರ್‌ಗೆ ಯಾರು ಹೋಗ್ತಿದ್ದಾರೆ ಅಂತ. ಯಾರೂ ಇಲ್ಲ ಅಂದೆ. ಕಣ್ಣಲ್ಲಿ ಸ್ವಲ್ಪ ಬೆಳಕು ಬಂತು. ಜೂನ್‌ನ್ಯಾಗ ಬರ್ತೀನ್ರಿ ಅಂದ. ನಿಂತು ಪಾಠ ಮಾಡೋದು ಕಲೀಬೇಕು ಮತ್ತ, ಅಂತ ನಗೋಕೆ ನೋಡಿದ.

ಹೊರಗೆ ಬಂದು ಗೋಡೆ ಹಿಡಿದು ಅತ್ತೆ. ಇವರು ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತರು.

5 ಮಾರ್ಚ್, ಸೋಮವಾರ

ಕೊಟ್ರಬಸಪ್ಪ ಸರ್ ಲೈಬ್ರರಿಗೆ ಬಂದರು, ಅವರಾಗಿಯೇ. ಗಡ್ಡ ಬಿಟ್ಟಿದ್ದಾರೆ. ಬಿಲ್ಲೆಲ್ಲ ತಾವೇ ನೋಡಿಕೊಳ್ಳುತ್ತಿರೋದು ನಿಜ, ಅದನ್ನು ಇಲ್ಲ ಅನ್ನೋಕಾಗೋದಿಲ್ಲ.

“ನಾ ಹೋಗು ಅನ್ನಲಿಲ್ರಿ ಮೇಡಂ. ಯಾರ್ನ ಕಳಸ್ಲಿ ಅಂತ ಫೋನ್ ಹಿಡಕೊಂಡು ಕುಂತಿದ್ದೆ. ನಾ ಹೋಗ್ತೀನ್ರಿ ಸರ್ ಅಂದ. ಅವನ ಅಂದ.”

“ನೀವು ಬ್ಯಾಡ ಅನ್ನಲಿಲ್ಲ.”

“ಅನ್ನಲಿಲ್ಲ.”

ಬಯ್ಯಬೇಕು ಅಂತ ಎಷ್ಟು ದಿನದಿಂದ ಮಾತು ಕೂಡಿಸಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅವರು ಬೇಡ ಅನ್ನಲಿಲ್ಲ. ನಾನು ಪುಸ್ತಕ ಕೊಡಲಿಲ್ಲ, ಫೋನ್ ಮಾಡೋದು ಬಿಡಲಿಲ್ಲ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಎದ್ದು ಹೊರಗೆ ಹೋಗಿ ಮಾತಾಡಿದರು. “ಲೋಡ್ ಆತೇನಲೇ” ಅಂತಲೇ.

12 ಮಾರ್ಚ್, ಸೋಮವಾರ

ಪ್ರಿನ್ಸಿಪಾಲರು ಬಾಗಿಲು ಹಾಕಿಸಿದರು. ತಂಡದವರು ಹಂಪೇಶ್ ಸುದ್ದಿ ಕೇಳಬಾರದು. ಕೇಳಿದರೆ, ಅವನು ಅವತ್ತು ಯಾರಿಗೂ ಹೇಳದೆ ಸ್ವಂತ ಕೆಲಸಕ್ಕೆ ಹೋಗಿದ್ದ ಅನ್ನಬೇಕಂತೆ. ಮೆಂಟರಿಂಗ್‌ಗೆ ಅರ್ಚಿತಾನ ಕರೆದು ಮಾತಾಡಿಸೋದು. ಅವಳು ಇಂಗ್ಲಿಷ್‌ನಲ್ಲಿ ಚೆನ್ನಾಗಿ ಹೇಳುತ್ತಾಳೆ.

“ಇದು ಸುಳ್ಳು ಸರ್.”

“ನಿಮಗ ಆ ಹುಡುಗನ ಮ್ಯಾಲೆ ಕಾಳಜಿ ಅದನೋ ಇಲ್ಲೋ? ಕಾಲೇಜಿಗೆ ಹೆಸರು ಕೆಟ್ರ ಆಡಳಿತ ಮಂಡಳಿ ಅಧ್ಯಕ್ಷರು ಯಾರ್ನೂ ತಗೊಳ್ಳೋದಿಲ್ಲ. ಸುಮ್ಮನಿದ್ರ ಜೂನ್‌ನಾಗ ಅವನ್ನ ತಗೊಳ್ಳೋಣ. ನಾನು ಮಾತು ಕೊಡ್ತೀನಿ. ಪಾಪ, ಕೂತು ಪಾಠ ಮಾಡ್ಲಿ.”

ಮಾತು ಕೊಡ್ತೀನಿ ಅಂದರಲ್ಲ. ಯೋಚನೆ ಮಾಡಿದೆ. ಹುಡುಗನೂ ಹೇಳಬೇಡಿ ಅಂತಲೇ ಅಂದಿದ್ದಾನೆ. ಅವನಿಗೆ ಬೇಕಾದ್ದು ಕ್ಲಾಸು. ಸತ್ಯ ಹೇಳಿದರೆ ಕ್ಲಾಸು ಹೋಗುತ್ತದೆ, ಸುಮ್ಮನಿದ್ದರೆ ಸಿಗುತ್ತದೆ. ಇಷ್ಟೇ ಅಲ್ಲವಾ?

ಮನೆಗೆ ಬಂದು ಇವರಿಗೆ ಹೇಳಿದೆ. “ವಾದಿರಾಜರು ಮಾತು ಕೊಟ್ರಾ? ಒಬ್ರ ಮುಂದನಾ, ಯಾರಾದ್ರೂ ಇದ್ರಾ?” ಅಂದರು.

ಒಬ್ಬಳೇ ಇದ್ದೆ.

21 ಮಾರ್ಚ್, ಬುಧವಾರ

ತಂಡ ಬಂತು. ಹಾರ, ಗೋಡಂಬಿ. ಬೆಳಗಿನಿಂದ ರೋಡಿಗೆ ನೀರು ಹೊಡೆಸಿದ್ದರು.

ತಂಡದ ಅಧ್ಯಕ್ಷತೆ ವಹಿಸಿದ್ದವರು ವಯಸ್ಸಾದ ಪ್ರೊಫೆಸರ್, ನಿಜವಾಗಿ ಓದುವವರು. ನನ್ನ ಬೀರುವಿನ ಮುಂದೆ ನಿಂತೇ ಬಿಟ್ಟರು. ಬೀಗ ತೆಗೆಸಿದರು. ಪುಸ್ತಕ ಒಂದೊಂದೇ ತೆಗೆದು ಒಳಗೆ ನೋಡಿದರು. ನಾನು ಹಂಪಿಯಿಂದ ತಂದ ಜೆರಾಕ್ಸ್, ಸೈಬರ್ ಕೆಫೆಯ ಪ್ರಿಂಟು, ವಿಷಯವಾರು ಮಾಡಿದ ಪಟ್ಟಿ, ಎಲ್ಲಾ. ಇಷ್ಟು ಕೆಲಸ ದೊಡ್ಡ ಯೂನಿವರ್ಸಿಟಿಗಳಲ್ಲೂ ನೋಡಿಲ್ಲಮ್ಮ ಅಂದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನಗೆ ಯಾರೂ ಹೀಗೆ ಅಂದಿರಲಿಲ್ಲ. ಹಿಗ್ಗಿದೆ, ಆ ಹೊತ್ತಲ್ಲೂ. ಅದೇ ನನ್ನ ಗತಿ.

ಆಮೇಲೆ ತಿರುಗಿ ಕೇಳಿದರು. “ಪುಸ್ತಕ ಇರಲಿ. ಈ ಮೆಂಟರಿಂಗ್ ನಿಜವಾಗಿ ಹೇಗೆ ನಡೀತಿದೆ? ಹೊಸಬರಿಗೆ ಏನಾದರೂ ತೊಂದರೆ ಆಗಿದೆಯಾ? ನೀವು ಹೇಳಿ, ಲೈಬ್ರರಿಯವರಿಗೆ ಎಲ್ಲ ಗೊತ್ತಿರುತ್ತೆ.”

ಪ್ರಿನ್ಸಿಪಾಲರು ಫೈಲ್ ನೋಡುತ್ತಿದ್ದರು. ಕೊಟ್ರಬಸಪ್ಪನವರು ಕಿಟಕಿ ಕಡೆ ಮುಖ ಮಾಡಿದ್ದರು.

“ಚೆನ್ನಾಗಿ ನಡೀತಿದೆ ಸರ್,” ಅಂದೆ.

22 ಮಾರ್ಚ್

ಹಂಪೇಶನಿಗಾಗಿ ಅಂದದ್ದು. ಅವನೇ ಕೇಳಿಕೊಂಡದ್ದು. ಜೂನ್ ಬರಲಿ.

9 ಮೇ, ಬುಧವಾರ

ಗ್ರೇಡ್ ಬಂತು. ಊರ ತುಂಬ ಫ್ಲೆಕ್ಸ್ ಹಾಕಿದ್ದಾರೆ, ಮರಿಯಮ್ಮನಹಳ್ಳಿ ರೋಡಿನವರೆಗೂ. ವರದಿಯಲ್ಲಿ ಮೆಂಟರಿಂಗ್ ಮತ್ತು ಗ್ರಂಥಾಲಯದ ಬಗ್ಗೆ ಒಂದು ಪ್ಯಾರಾ ಇದೆ. ಪ್ರಿನ್ಸಿಪಾಲರು ಓದಿಸಿದರು. ಕೊಟ್ರಬಸಪ್ಪನವರನ್ನು ಮೆಂಟರಿಂಗ್ ಕೋಆರ್ಡಿನೇಟರ್ ಮಾಡಿದ್ದಾರೆ. ಯಾರೂ ನಗಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ಹಂಪೇಶ್ ಫೋನ್ ಮಾಡಿದ್ದ ಸಂಜೆ, ಕಂಪ್ಲಿಯಿಂದ. ಕೃತಕ ಕಾಲು ಹಾಕಿದ್ದಾರಂತೆ. ಮನೆಯೊಳಗೆ ಗೋಡೆ ಬಿಟ್ಟು ನಡೆಯುತ್ತಾನಂತೆ. ತಾಯಿ ಅಡುಗೆಮನೆ ಬಾಗಿಲಲ್ಲಿ ಕೂತು ವಿದ್ಯಾರ್ಥಿ ಆಗುತ್ತಾರಂತೆ, ಇವನು ಗೋಡೆಗೆ ಸುಣ್ಣದ ಕಡ್ಡಿಯಿಂದ ಬರೆದು ಪಾಠ ಮಾಡುತ್ತಾನಂತೆ. “ಅವ್ವನ ಹಾರ್ನ್ ಹೊಡೀತಾಳ್ರಿ,” ಅಂತ ನಕ್ಕ. ಸರ್ ಫೋನ್ ತಗೋತಿಲ್ಲ, ಬಿಜಿ ಇರಬೇಕು ಅಂದ. ಜೂನ್ ಹದಿನೆಂಟಕ್ಕೆ ಕಾಲೇಜು ಶುರು ಅಲ್ಲೇನ್ರಿ ಅಂದ.

ಹೌದು ಅಂದೆ. ನಿನ್ನ ಕ್ಲಾಸ್ ಇದೆ ಬಾ ಅಂದೆ. ನಾನೇ ಅಂದೆ.

14 ಜೂನ್, ಗುರುವಾರ

ಗೆಸ್ಟ್ ಲೆಕ್ಚರರ್‌ಗಳ ಲಿಸ್ಟ್ ನೋಟಿಸ್ ಬೋರ್ಡಿಗೆ ಹಾಕಿದರು. ಕೆಮಿಸ್ಟ್ರಿ — ಯಾವನೋ ಉಜ್ಜಿನಪ್ಪ. ಆಡಳಿತ ಮಂಡಳಿ ಅಧ್ಯಕ್ಷರ ಕಡೆಯವನಂತೆ.

ಸೀದಾ ಛೇಂಬರಿಗೆ ಹೋದೆ. ಬಾಗಿಲು ಬಡಿಯಲಿಲ್ಲ.

“ಮಾತು ಕೊಟ್ಟಿದ್ರಿ ಸರ್.”

“ನಾನೇನ್ ಮಾಡ್ಲಿ ಮೇಡಂ, ಮ್ಯಾಲಿಂದ ಬಂತು. ಲ್ಯಾಬ್ ಮ್ಯಾಲಿನ ಫ್ಲೋರ್. ಆಸಿಡ್ ಬಾಟ್ಲಿ ಹಿಡಕೊಂಡು ಅವ ಹೆಂಗ ಓಡಾಡ್ತಾನ? ನಾಳೆ ಏನಾದ್ರೂ ಆದ್ರ?”

“ತಂಡದ ಮುಂದ ನಾನು ಸುಮ್ಮನಿದ್ದದ್ದು ಅದಕ್ಕೇ ಸರ್.”

“ನೀವು ಸುಮ್ಮನಿರಲಿಲ್ಲ. ಚೆನ್ನಾಗಿ ನಡೀತಿದೆ ಅಂದ್ರಿ. ಮಿನಿಟ್ಸ್‌ನಾಗ ಅದ.”

ಈಗ ಯಾರಿಗೆ ಹೇಳಲಿ? ಹೇಳಿದರೆ ಮಾರ್ಚ್‌ನಲ್ಲಿ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಅವನಿಗೆ ಯಾರು ತಿಳಿಸುತ್ತೀರಿ ಅಂತ ಕೇಳಿದೆ, ಅಷ್ಟು ಮಾತ್ರ ಬಾಯಿಗೆ ಬಂತು.

“ನೀವ ಹೇಳ್ರಿ. ನಿಮ್ಮ ಮಾತು ಕೇಳ್ತಾನ. ಆ ಪುಸ್ತಕ ಎಲ್ಲಾ ಓದಿದವ್ರು ಇಡೀ ಕಾಲೇಜಿನ್ಯಾಗ ನೀವೊಬ್ರು. ಹೊಸಬರಿಗೆ ಹೆಂಗ ಹೇಳಬೇಕು ಅಂತ ಅದರಾಗ ಇರ್ತದಲ್ಲ.”

ವ್ಯಂಗ್ಯ ಅಲ್ಲ. ನಿಜವಾಗಿಯೂ ಹಾಗೇ ಅಂದರು.

16 ಜೂನ್, ಶನಿವಾರ

ಎರಡು ಸಲ ಫೋನ್ ಎತ್ತಿದೆ. ಒಂದು ಸಲ ಜಂಬಮ್ಮ ತಗೊಂಡರು. “ಬಸ್ಸಿಗೆ ಹತ್ತೋದು ಇಳಿಯೋದು ರೂಢಿ ಮಾಡ್ಕೊಳ್ಳಾಕ ಸ್ಟ್ಯಾಂಡಿಗೆ ಹೋಗ್ಯಾನ್ರಿ,” ಅಂದರು. ಏನೂ ಇಲ್ಲ, ಸುಮ್ಮನೆ ಮಾಡಿದೆ ಅಂತ ಇಟ್ಟೆ.

18 ಜೂನ್, ಸೋಮವಾರ, ಬೆಳಿಗ್ಗೆ 9:40

ಬಂದಿದ್ದಾನೆ. ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಆಟೋದಿಂದ ಇಳಿದ. ಹೊಸ ಶರ್ಟು, ಕೈಯಲ್ಲಿ ಚೀಲ. ನೋಟಿಸ್ ಬೋರ್ಡಿನ ಕಡೆ ನೋಡಲೇ ಇಲ್ಲ, ಯಾಕೆ ನೋಡುತ್ತಾನೆ, ನಾನು ಹೇಳಿದ್ದೇನಲ್ಲ. ಕಳೆದ ವರ್ಷದ ಹುಡುಗರು ನಾಲ್ಕು ಮಂದಿ ಓಡಿ ಬಂದು ಸುತ್ತ ನಿಂತರು. ಒಬ್ಬ ಚೀಲ ತಗೊಂಡ. ಈ ವರ್ಷ ನಮಗ ನೀವ ಅಲ್ರಿ ಸರ್ ಅಂತಿರಬೇಕು. ಇವನು ತಲೆ ಆಡಿಸಿದ.

ಸ್ಟಾಫ್ ರೂಮಿಗೆ ಹೋಗಲಿಲ್ಲ. ಮೊದಲು ಇಲ್ಲಿಗೇ ಬರುತ್ತಿದ್ದಾನೆ. ಮೆಟ್ಟಿಲ ಮೇಲೆ ಸದ್ದು. ಒಂದು ಮೆತ್ತಗೆ, ಒಂದು ಗಟ್ಟಿ. ಬೀರುವಿನ ಪುಸ್ತಕ ಎಲ್ಲಾ ನೆನಪು ಮಾಡಿಕೊಂಡೆ. ಇದನ್ನು ಹೇಗೆ ಹೇಳಬೇಕು ಅಂತ ಒಂದರಲ್ಲೂ ಇಲ್ಲ. ದುರ್ಗಕ್ಕನನ್ನು ಹೊರಗೆ ಕಳಿಸಿದೆ. ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ಏನಂದೆ ಅನ್ನೋದನ್ನೂ.

ಬಾಗಿಲಲ್ಲಿ ನಿಂತಿದ್ದಾನೆ. ಬೆವೆತಿದ್ದಾನೆ. ನಗುತ್ತಿದ್ದಾನೆ.

“ನಮಸ್ಕಾರ್ರೀ ಮೇಡಂ. ಹತ್ತಿದೆ ನೋಡ್ರಿ, ಯಾರ ಕೈ ಹಿಡೀದ. ಮೊದ್ಲ ಯಾವ ಕ್ಲಾಸ್ ರೀ ನಂದು?”

ನಾನು ಕುರ್ಚಿ ಎಳೆದು, “ಕುಂದ್ರಪ್ಪ, ಒಂದು ಮಾತು ಹೇಳೋದಿದೆ,” ಅಂದೆ.